ಕ್ರಿಟಾದ ಮೇಲಿನ ಆರೋಪ ನಿಲ್ಲದು

ಮುಕ್ತ ಚಿತ್ರಕಲಾ ತಂತ್ರಾಂಶಗಳಲ್ಲಿ ಅಗತ್ಯ ಸೌಲಭ್ಯಗಳಿಲ್ಲ, ತಯಾರಕರು ಬಳಕೆದಾರರ ಮಾತು ಕೇಳುವುದಿಲ್ಲ, ಆದ್ದರಿಂದ ವೃತ್ತಿಪರರು ಅವನ್ನು ನೆಚ್ಚಬಾರದು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಅದು ಕೊಟ್ಟ ಉದಾಹರಣೆ ಕ್ರಿಟಾ. ಅದನ್ನೇ ನೋಡೋಣ.

ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣ ಪದ್ಧತಿ ಅದರಲ್ಲಿಲ್ಲ ಎಂಬುದು ತಪ್ಪು. ಎಷ್ಟೋ ವರ್ಷಗಳಿಂದ ಇದೆ. ಗಿಂಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಹಳೆಯ ಕೊರತೆಯನ್ನು ಕ್ರಿಟಾದ ತಲೆಗೆ ಕಟ್ಟಲಾಗಿದೆ.

ಕೇಳುವುದಿಲ್ಲ ಎಂಬ ದೂರಂತೂ ದಾಖಲೆಗೇ ವಿರುದ್ಧ. 2015ರ ಕಿಕ್‌ಸ್ಟಾರ್ಟರ್ ನಿಧಿಸಂಗ್ರಹದಲ್ಲಿ ಕ್ರಿಟಾ ತಯಾರಕರು ಅನಿಮೇಷನ್ ಕೊಡುತ್ತೇವೆಂದರು, 2016ರ 3.0 ಆವೃತ್ತಿಯಲ್ಲಿ ಕೊಟ್ಟರು. ಹೆಚ್ಚುವರಿ ಸೌಲಭ್ಯಗಳಲ್ಲಿ ಯಾವುದು ಮೊದಲು ಎಂದು ಮತ ಹಾಕಿದವರು ಹಣ ಕೊಟ್ಟ ಬಳಕೆದಾರರೇ. ಚಂದಾ ಕಟ್ಟಿಸಿಕೊಳ್ಳುವ ಯಾವ ದೊಡ್ಡ ಕಂಪನಿ ನಮ್ಮಿಂದ ಹೀಗೆ ಮತ ಕೇಳಿದೆ?

ಅಕ್ಷರ ಜೋಡಣೆಯ ದೂರು ಮಾತ್ರ ನ್ಯಾಯವಾದದ್ದು. ಚಿತ್ರಕಥೆಯ ಮಾತಿನ ಗುಳ್ಳೆಯಲ್ಲಿ ಬರೆಯಬೇಕಾದವರಿಗೆ ಕ್ರಿಟಾದ ಪಠ್ಯ ಸಾಧನ ಬಹುಕಾಲ ತಲೆನೋವೇ ಆಗಿತ್ತು. ಆದರೆ 2023ರ 5.2 ಆವೃತ್ತಿಗಾಗಿ ಪಠ್ಯ ಜೋಡಣೆಯ ಒಳಯಂತ್ರವನ್ನೇ ಹೊಸದಾಗಿ ಬರೆದರು. ಒತ್ತಕ್ಷರಗಳ ನಮ್ಮ ಲಿಪಿಗೆ ಇಂಥ ಕೆಲಸ ಎಷ್ಟು ಮುಖ್ಯವೆಂದು ಕನ್ನಡದ ಕಲಾವಿದರಿಗೆ ಹೇಳಬೇಕಿಲ್ಲ. ಲೇಖನ ಇದನ್ನು ಬಿಟ್ಟದ್ದೇಕೆ?

ಫೋಟೊ ತಿದ್ದುವ ಸಾಧನಗಳು ಕಡಿಮೆ, ನಿಜ. ಕ್ರಿಟಾ ಇರುವುದು ಬಿಡಿಸುವುದಕ್ಕೆ. ಮಚ್ಚಿನಿಂದ ಮೊಳೆ ಹೊಡೆಯಲಾಗದು ಎಂದು ಮಚ್ಚನ್ನು ದೂರಬಾರದು.

ಇನ್ನು ವೃತ್ತಿಪರರ ಮಾತು. ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ 'ಪೆಪ್ಪರ್ ಅಂಡ್ ಕ್ಯಾರಟ್' ಚಿತ್ರಕಥೆಯನ್ನು ಕ್ರಿಟಾದಲ್ಲೇ ಬಿಡಿಸುತ್ತ ಬಂದಿದ್ದಾರೆ. ಓದುಗರ ದೇಣಿಗೆ ಅವರ ದುಡಿಮೆಗೆ ಆಧಾರ. ಆ ಪುಟಗಳನ್ನು ಲೇಖಕರು ಒಮ್ಮೆ ತೆರೆದು ನೋಡಲಿ.