ಆ ಹಸಿರು ವೈರಿಗೊಂದು ಜಾಗ ಕೊಡ್ರಪ್ಪ

ಕೆಲವು ಆಫೀಸುಗಳ ಬ್ರೇಕ್ ರೂಮಿನಲ್ಲಿ, ಕೇರಂ ಬೋರ್ಡಿನ ಪಕ್ಕ ಹಳೇ ಆರ್ಕೇಡ್ ಮಶೀನ್ ಇಡೋದು ಈಗ ಶೋಕಿ. 1980ರ ಪ್ಯಾಕ್‌ಮ್ಯಾನ್, 1991ರ ಸ್ಟ್ರೀಟ್ ಫೈಟರ್ 2 ಥರದ್ದು. ಒಳ್ಳೇದೇ. ನನಗೂ ಈ ಮಶೀನುಗಳ ಹುಚ್ಚು. ರಜೆ ಸಿಕ್ಕರೆ ಯಾವುದಾದರೊಂದರ ಹಿಂಬಾಗಿಲು ಬಿಚ್ಚಿಕೊಂಡು ಕೂತಿರ್ತೀನಿ. ನನ್ನ ಜಗಳ ಇರೋದೂ ಆ ಹಿಂಬಾಗಿಲ ಒಳಗೇ. ಪವರ್ ಸಪ್ಲೈ ಬದಲಾಯಿಸಿದ ಮಶೀನುಗಳಲ್ಲಿ ನನಗೆ ಮತ್ತೆ ಮತ್ತೆ ಕಾಣೋದು ಒಂದೇ ದೃಶ್ಯ: ಹೊಚ್ಚ ಹೊಸ ಸಪ್ಲೈ, ಅದರ ಪಕ್ಕದಲ್ಲಿ ತುದಿಗೆ ಟೇಪ್ ಸುತ್ತಿ ಅನಾಥವಾಗಿ ಬಿಟ್ಟ ಹಸಿರು ವೈರು.

ಆ ಹಸಿರು ವೈರೇ ಅರ್ತಿಂಗ್. ಹಳೇ ಮಶೀನಿನಲ್ಲಿ ದಪ್ಪ ಟ್ರಾನ್ಸ್‌ಫಾರ್ಮರಿನ ಸಪ್ಲೈ ಒಂದು ಲೋಹದ ತಟ್ಟೆ ಮೇಲೆ ಕೂತಿರತ್ತೆ. ಗೋಡೆಯಿಂದ ಬಂದ ಅರ್ತ್ ವೈರು ಸಾಮಾನ್ಯವಾಗಿ ಆ ತಟ್ಟೆಗೆ ಸೇರಿ, ಅಲ್ಲಿಂದ ಕಾಯಿನ್ ಹಾಕುವ ಬಾಗಿಲು, ಕಂಟ್ರೋಲ್ ಪ್ಯಾನೆಲ್, ಮಾನಿಟರಿನ ಫ್ರೇಮು ಅಂತ ಕವಲೊಡೆಯತ್ತೆ. ಸಪ್ಲೈ ಕೆಟ್ಟಾಗ ಇಡೀ ತಟ್ಟೆಯನ್ನೇ ಕಿತ್ತು, ಚಿಕ್ಕ ಸ್ವಿಚಿಂಗ್ ಸಪ್ಲೈ ಒಂದನ್ನು ಮರದ ಹಲಗೆಗೆ ಸ್ಕ್ರೂ ಹೊಡೆದು ಕೂರಿಸ್ತಾರೆ. 5 ವೋಲ್ಟ್, 12 ವೋಲ್ಟ್, ಮೈನಸ್ 5 ವೋಲ್ಟ್ ಎಲ್ಲಾ ಸರಿಯಾಗಿ ಬರತ್ತೆ. ಆಟ ಶುರುವಾಗತ್ತೆ, ಬಿಲ್ ಪಾಸಾಗತ್ತೆ. ಅರ್ತಿಂಗಿನ ಸರಪಳಿ ನಡುವೆ ತುಂಡಾಗಿದ್ದು ಮಾತ್ರ ಯಾರಿಗೂ ಗೊತ್ತಾಗಲ್ಲ. ಯಾಕಂದ್ರೆ ಆಟ ಆಡೋಕೆ ಅರ್ತಿಂಗ್ ಬೇಕಾಗಿಲ್ಲ. ಬದುಕಿರೋಕೆ ಬೇಕು.

ಕೇಳಿದರೆ ನೆಪಗಳಿಗೇನೂ ಬರ ಇಲ್ಲ.

"ಮರದ ಡಬ್ಬ ಸಾರ್, ಶಾಕ್ ಹೇಗೆ ಹೊಡಿಯತ್ತೆ?" ಡಬ್ಬ ಮರದ್ದೇ. ಕಾಯಿನ್ ಬಾಗಿಲು ಕಬ್ಬಿಣದ್ದು. ಎಷ್ಟೋ ಮಶೀನುಗಳಲ್ಲಿ ಕಂಟ್ರೋಲ್ ಪ್ಯಾನೆಲ್ಲೂ ಲೋಹದ್ದೇ. ಆಡುವವರ ಕೈ ಇರೋದು ಅಲ್ಲೇ.

"ಸ್ವಲ್ಪ ಜುಂ ಅನ್ನತ್ತೆ, ಅಷ್ಟೇ." ಆ ಜುಂ ಏನು ಗೊತ್ತಾ? ಸ್ವಿಚಿಂಗ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಒಂದಿಷ್ಟು ಕರೆಂಟನ್ನು ಅದರ ಲೋಹದ ಮೈಗೆ ಸೋರಿಸ್ತಾವೆ. ಅದು ಅರ್ತಿಂಗಿಗೆ ಹರಿದುಹೋಗಲಿ ಅಂತಲೇ ಹಾಗೆ ಕಟ್ಟಿರೋದು. ಅರ್ತಿಂಗ್ ಇಲ್ಲದಿದ್ದರೆ ಆ ಮೈ, ಅದಕ್ಕೆ ತಾಗಿಕೊಂಡ ಲೋಹವೆಲ್ಲಾ, 230 ವೋಲ್ಟಿನ ಸುಮಾರು ಅರ್ಧಕ್ಕೆ ಏರಿ ನಿಂತಿರತ್ತೆ. ಕರೆಂಟ್ ತೀರಾ ಕಡಿಮೆ ಇರೋದ್ರಿಂದ ಬರೀ ಜುಂ ಅನ್ನತ್ತೆ. ಆದರೆ ಅರ್ತಿಂಗ್ ಇಲ್ಲ ಅಂತ ಮಶೀನು ತಾನಾಗಿಯೇ ಕೊಡ್ತಿರೋ ನೋಟೀಸ್ ಅದು. ನಾಳೆ ಒಂದು ಫೇಸ್ ವೈರು ಸಿಪ್ಪೆ ಸುಲಿದು ಬಾಗಿಲಿಗೆ ತಾಗಿದರೆ ಪೂರ್ತಿ 230.

"ಎಂಸಿಬಿ ಇದೆಯಲ್ಲ?" ಲೆಕ್ಕ ಹಾಕೋಣ. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಅಂದುಕೊಂಡರೆ ದೇಹದೊಳಗೆ ಹರಿಯೋದು 230 ಮಿಲಿಆಂಪ್. ಜೀವ ತೆಗೆಯೋಕೆ ಅಷ್ಟು ಧಾರಾಳ ಸಾಕು. ಆದರೆ 6 ಆಂಪಿನ ಎಂಸಿಬಿಗೆ ಅದು ಒಂದು ಬಲ್ಬ್ ಉರಿದ ಹಾಗೆ, ಕದಲೋದೂ ಇಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಬಚಾವಾಗಬಹುದು, ಅದು ಇರಲೇಬೇಕು. ಆದರೂ ವ್ಯತ್ಯಾಸ ನೋಡಿ: ಅರ್ತಿಂಗ್ ಇದ್ದರೆ ವೈರು ಬಾಗಿಲಿಗೆ ತಾಗಿದ ಕೂಡಲೇ ಅದು ಟ್ರಿಪ್ ಆಗತ್ತೆ. ಇಲ್ಲದಿದ್ದರೆ ಯಾರಾದರೂ ಬಂದು ಮುಟ್ಟೋವರೆಗೆ ಕಾಯತ್ತೆ. ಪರೀಕ್ಷೆ ಮಾಡೋ ಟೆಸ್ಟರ್ ಮನುಷ್ಯನೇ.

ಇವೆಲ್ಲಕ್ಕಿಂತ ಘೋರವಾದದ್ದು "ನ್ಯೂಟ್ರಲ್‌ನಿಂದ ಒಂದು ಜಂಪರ್ ಹಾಕಿದ್ದೀನಿ, ನಡೆಯತ್ತೆ" ಅನ್ನೋ ಜಾಣತನ. ಸಾಕೆಟ್ಟಿನಲ್ಲೇ ನ್ಯೂಟ್ರಲನ್ನು ಅರ್ತ್ ಪಿನ್ನಿಗೆ ಕಟ್ಟಿದ ಮೇಲೆ, ಎಲ್ಲೋ ಹಿಂದೆ ನ್ಯೂಟ್ರಲ್ ಸಡಿಲವಾದರೆ ಮಶೀನಿನ ಲೋಹವೆಲ್ಲಾ ಫೇಸ್ ಆಗಿಬಿಡತ್ತೆ. ಅದಕ್ಕಿಂತ ಅರ್ತಿಂಗ್ ಇಲ್ಲದಿರೋದೇ ವಾಸಿ ಅನ್ನೋ ಪರಿಸ್ಥಿತಿ.

ಇದು ಬರೀ ವೈರಿಂಗಿನ ತಕರಾರಾಗಿದ್ದರೆ ನಾನು ಇಷ್ಟು ಸಿಟ್ಟಾಗ್ತಿರಲಿಲ್ಲ. ಕಾರ್ಪೆಟ್ ಮೇಲೆ ರಬ್ಬರ್ ಸೋಲಿನ ಶೂ ಹಾಕಿಕೊಂಡು ಆಡುವ ನಮಗೆ ಅಪಾಯ ಕಡಿಮೆ. ಬೆಳಿಗ್ಗೆ ನಾವು ಬರೋದಕ್ಕೆ ಮುಂಚೆ ಬರಿಗಾಲಿನಲ್ಲೋ ನೆನೆದ ಚಪ್ಪಲಿಯಲ್ಲೋ ನೆಲ ಒರೆಸಿ, ಅದೇ ಒದ್ದೆ ಕೈಯಲ್ಲಿ ಆ ಕಾಯಿನ್ ಬಾಗಿಲನ್ನೂ ಒರೆಸುವ ಹೌಸ್‌ಕೀಪಿಂಗ್ ಅಕ್ಕನಿಗೆ ಜಾಸ್ತಿ. ಮಶೀನ್ ಬೇಕು ಅಂದವರು ನಾವು, ತರಿಸಿದವರು ನಾವು, ಆಡುವವರೂ ನಾವು. ಒಂದು ಆಟವನ್ನೂ ಆಡದವಳ ಮೇಲೆ ಅದರ ಅಪಾಯ ಹೊರಿಸೋದು ಯಾವ ನ್ಯಾಯ?

ಪರಿಹಾರ ದುಬಾರಿಯೇನಲ್ಲ. ಹೊಸ ಸಪ್ಲೈ ಮೇಲೆ ಎಫ್‌ಜಿ, ಅಂದ್ರೆ ಫ್ರೇಮ್ ಗ್ರೌಂಡ್, ಅಂತ ಒಂದು ಸ್ಕ್ರೂ ಇರತ್ತೆ. ಪಕ್ಕದಲ್ಲೇ ಇರುವ 5 ವೋಲ್ಟಿನ ಗ್ರೌಂಡ್ ಬೇರೆ, ಇದು ಬೇರೆ. ಗೋಡೆಯ ಅರ್ತ್ ವೈರು ಎಫ್‌ಜಿಗೆ ಬರಬೇಕು, ಅಲ್ಲಿಂದಲೋ ಒಂದು ಅರ್ತ್ ಬೋಲ್ಟಿನಿಂದಲೋ ಬಾಗಿಲು, ಪ್ಯಾನೆಲ್, ಮಾನಿಟರ್ ಫ್ರೇಮಿಗೆ ಒಂದೊಂದು ವೈರು ಹೋಗಬೇಕು. ಕೆಲವು ಮೀಟರ್ ಹಸಿರು ವೈರು, ನಾಲ್ಕು ಥಿಂಬಲ್, ಅಷ್ಟೇ. ಬಾಗಿಲಿನ ಪೇಂಟ್ ಕೆರೆದು ಕೂರಿಸಬೇಕು, ಪೇಂಟ್ ಮೇಲೆ ಕೂರಿಸಿದ್ದು ಲೆಕ್ಕಕ್ಕಿಲ್ಲ.

ನೀವು ಸ್ಕ್ರೂಡ್ರೈವರ್ ಹಿಡಿಯಲೇಬೇಕಿಲ್ಲ. ಹಳೇ ಪಿಕ್ಚರ್ ಟ್ಯೂಬು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರತ್ತೆ, ಗೊತ್ತಿಲ್ಲದೆ ಒಳಗೆ ಕೈ ಹಾಕಬೇಡಿ. ಬಿಲ್ ಪಾಸ್ ಮಾಡೋ ಮುಂಚೆ ರಿಪೇರಿಯವರಿಗೆ ಒಂದು ಮಾತು ಹೇಳಿ: "ಗೋಡೆಯಿಂದ ಪ್ಲಗ್ ಕಿತ್ತು, ಅದರ ದಪ್ಪ ಪಿನ್ನಿಗೂ ಕಾಯಿನ್ ಬಾಗಿಲಿಗೂ ಮೀಟರ್ ಹಿಡಿದು ತೋರಿಸಿ." ಒಂದು ಓಮಿಗಿಂತ ಕಡಿಮೆ ಬಂದರೆ ಮಶೀನಿನ ಕಡೆ ಸರಿ ಇದೆ. ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಗೋಡೆಯ ಸಾಕೆಟ್ಟಿನ ಅರ್ತಿಂಗ್ ಪರೀಕ್ಷೆ ಮಾಡಿಸಿ. ನಡುವೆ ಎರಡು ಪಿನ್ನಿನ ಕನ್ವರ್ಟರ್ ಇದ್ದರೆ ಕಸದ ಬುಟ್ಟಿಗೆ ಹಾಕಿ.

ನಮ್ಮ ಪ್ಲಗ್ಗಿನಲ್ಲಿ ಅರ್ತ್ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರೋದು ಚಂದಕ್ಕಲ್ಲ. ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತ. ಪ್ಲಗ್ ಮಾಡಿದವನಿಗೆ ಇದ್ದ ಆ ಕಾಳಜಿ ಮಶೀನ್ ತರಿಸಿದ ನಮಗೂ ಇರಬೇಕು. ಇಲ್ಲ ಅಂದ್ರೆ ಆ ಮಶೀನ್ ಬೇಡ. ಕೇರಂ ಆಡೋಣ.