ಗೆದ್ದ ಮೇಲೂ ಮುಗಿಯದ ಆಟ
ಕುಮಟಾ–ಶಿರಸಿ ರಸ್ತೆಯ ಕತಗಾಲಕ್ಕೆ ಮಿರ್ಜಾನ ಕೋಟೆ ದೂರವೇನಲ್ಲ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ ಸೀಮೆಯಿದು. ಇಂಥ ಚರಿತ್ರೆಯನ್ನೇ ಸರದಿಯ ಮೇಲೆ ಆಡಿಸುವ ವಿಡಿಯೋ ಗೇಮುಗಳಲ್ಲಿ 1991ರಲ್ಲಿ ಬಂದ ‘ಸಿವಿಲೈಸೇಶನ್’ ದೊಡ್ಡ ಹೆಸರು. 2016ರ ಆರನೇ ಆವೃತ್ತಿಯನ್ನೇ ನೋಡಿ: ಶುರುವಿಗೆ ಕೈಯಲ್ಲಿರುವುದು ಊರು ಕಟ್ಟುವ ಒಂದು ತಂಡ, ಒಬ್ಬ ಯೋಧ. ಆಗ ಮಾಮೂಲಿ ವೇಗದಲ್ಲಿ ಒಂದು ಸರದಿಗೆ 40 ವರ್ಷ ಉರುಳುತ್ತದೆ, ಪ್ರತಿ ಹೆಜ್ಜೆಗೂ ತೂಕವಿರುತ್ತದೆ. ಊರುಗಳು ಹತ್ತು ಹದಿನೈದಾದ ಮೇಲೆ ಶುರುವಾಗುತ್ತದೆ ಗುಮಾಸ್ತಗಿರಿ. ಗದ್ದೆ, ಗಣಿ ಮಾಡುವ ಕೆಲಸಗಾರ ಸಾಮಾನ್ಯವಾಗಿ ಮೂರು ಕೆಲಸಕ್ಕೇ ಮಾಯ. ಮತ್ತೊಬ್ಬನನ್ನು ತಯಾರಿಸಿ, ಜಾಗಕ್ಕೆ ನಡೆಸಿ, ಪುನಃ ಅದೇ ಗುಂಡಿ ಒತ್ತಬೇಕು. ಮಾಮೂಲಿ ವೇಗದಲ್ಲಿ ಆಟದ ಮಿತಿ 500 ಸರದಿ, ‘ಮ್ಯಾರಥಾನ್’ನಲ್ಲಿ 1,500. ಗೆಲ್ಲುವವರು ಯಾರೆಂದು ಅರ್ಧದಲ್ಲೇ ತಿಳಿದರೂ ಗುಂಡಿ ಒತ್ತುವ ಕೆಲಸ ತಪ್ಪದು. ಬಹಳ ಮಂದಿ ಆಟ ಮುಗಿಸುವುದೇ ಇಲ್ಲವೆಂದು ತಯಾರಕರೇ ಒಪ್ಪಿಕೊಂಡರು. 2025ರ ಏಳನೇ ಆವೃತ್ತಿಯಲ್ಲಿ ಆಟವನ್ನು ಮೂರು ಯುಗಗಳಾಗಿ ಒಡೆದರು, ಆ ಕೆಲಸಗಾರರನ್ನು ಕೈಬಿಟ್ಟರು, ಸೈನ್ಯವನ್ನು ಒಟ್ಟಾಗಿ ಸಾಗಿಸಲು ದಂಡನಾಯಕರನ್ನು ಕೊಟ್ಟರು. ಸರಿಯಾದ ದಾರಿಯೇ. ನಮ್ಮ ಚರಿತ್ರೆಗೆ ಬಂದರೆ, ಚೆನ್ನಭೈರಾದೇವಿಯ ಮುಂದಿದ್ದ ಪ್ರಶ್ನೆಗಳೂ ಜಟಿಲವೇ: ಸಮುದ್ರದಲ್ಲಿ ಪೋರ್ಚುಗೀಸರು, ಘಟ್ಟದ ಮೇಲೆ ಕೆಳದಿಯ ನಾಯಕರು, ನಡುವೆ ಮೆಣಸಿನ ವ್ಯಾಪಾರ. ಅಂಥ ನಾಲ್ಕು ಕಠಿಣ ಆಯ್ಕೆಗಳು ನಾನೂರು ಕ್ಲಿಕ್ಕುಗಳಿಗಿಂತ ಒಳ್ಳೆಯ ಆಟವಾಗುತ್ತವೆ. ಕನ್ನಡ ನಾಡಿನ ಚರಿತ್ರೆಯ ಮೇಲೆ ಗೇಮ್ ಕಟ್ಟಲು ಹೊರಡುವ ಹುಡುಗ ಹುಡುಗಿಯರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.