ಕಾರ್ಡಿನ ಹಾಡು, ರೀಚಾರ್ಜಿನ ಪಾಠ

ಹಳೆಯ ಮೊಬೈಲ್, ಎಂಪಿ3 ಪ್ಲೇಯರ್‌ಗಳನ್ನು ಕೂಡಿಡುವ ಹುಚ್ಚು ನನಗೆ. ಉಮ್ಮತ್ತೂರಿನಲ್ಲಿ ಅವನ್ನು ನೋಡಿದವರು ‘ಗುಜರಿಗೆ ಹಾಕು’ ಎನ್ನುತ್ತಾರೆ. ಆದರೆ ಅವುಗಳಿಂದ ಇಂದಿಗೂ ಕಲಿಯುವುದಿದೆ.

2001ರಲ್ಲಿ ಬಂದ ಮೊದಲ ಐಪಾಡ್‌ನ 5 ಜಿಬಿಯಲ್ಲಿ ಸುಮಾರು ಸಾವಿರ ಹಾಡು ಹಿಡಿಸುತ್ತಿದ್ದವು. 2008ರಲ್ಲಿ ಭಾರತಕ್ಕೆ ಬಂದ ಐಫೋನ್ 3ಜಿ ಬೆಲೆ 31 ಸಾವಿರ ರೂಪಾಯಿ. ಬೆರಳು ತಾಗಿದರೆ ಸಾಕು, ಪರದೆ ಸರಿಯುತ್ತಿತ್ತು. ನೋಕಿಯಾ 5800ರ ಪರದೆಯನ್ನಾದರೆ ಉಗುರಿನಿಂದ ಒತ್ತಬೇಕಿತ್ತು. ಇವೆರಡೂ ನಮ್ಮ ಕಡೆಯವರಿಗೆ ಎಟುಕಲಿಲ್ಲ. ಎಟುಕಿದ್ದು ಮೆಮೊರಿ ಕಾರ್ಡ್ ಹಾಕುವ ಅಗ್ಗದ ಸೆಟ್‌ಗಳು. ಅಂಗಡಿಯಲ್ಲಿ ಮಲೆ ಮಹದೇಶ್ವರನ ಹಾಡು ಹಾಕಿಸಿಕೊಂಡರೆ ಸಿಗ್ನಲ್ ಇಲ್ಲದ ಹೊಲದಲ್ಲೂ ಕೇಳಬಹುದಿತ್ತು.

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಹಾಕಿಸಿಕೊಳ್ಳುವ ಅಭ್ಯಾಸ ತಪ್ಪಿತು. 2022ರಲ್ಲಿ ಐಪಾಡ್ ತಯಾರಿಕೆಯೂ ನಿಂತಿತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಎಷ್ಟೋ ಮಂದಿಗೆ ಇಂದು ಯೂಟ್ಯೂಬೇ ಕೋಚಿಂಗ್ ಸೆಂಟರ್. ರೀಚಾರ್ಜ್ ಮುಗಿದ ದಿನ ಪಾಠವೂ ಮುಗಿಯಿತು. ಕೆಲಸ ಹುಡುಕುವವರಿಗೆ ಇದು ಸಣ್ಣ ಮಾತಲ್ಲ.

ಹೊಸ ಫೋನ್ ಬೇಡವೆನ್ನುತ್ತಿಲ್ಲ; ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ ಎಲ್ಲಕ್ಕೂ ಅದೇ ಬೇಕು. ಆದರೆ ಕಾಲೇಜುಗಳು, ಪಂಚಾಯಿತಿ ಗ್ರಂಥಾಲಯಗಳು ಪಾಠಗಳನ್ನು ಆಡಿಯೊ ಮಾಡಿ ಉಚಿತವಾಗಿ ಕಾರ್ಡ್‌ಗೆ ಹಾಕಿಕೊಡಲಿ. ಹಾಗೆ ಕೈಗೆ ಬಂದ ಪಾಠವನ್ನು ಯಾವ ದರ ಏರಿಕೆಯೂ ಕಿತ್ತುಕೊಳ್ಳದು.